ಹೆದ್ದಾರಿಯ ಸನ್ನೆ ಯಾರಿಗೆ?

‘ಸನ್ನೆ’ ಎಂಬುದು ಕನ್ನಡದ ಆತ್ಮೀಯವಾದ ಮಾತುಗಳಲ್ಲಿ ಒಂದು. ಸಂಸ್ಕೃತದ ‘ಸಂಜ್ಞೆ’ ನಮ್ಮವರ ಬಾಯಲ್ಲಿ ಪಳಗಿ ‘ಸನ್ನೆ’ಯಾಯಿತೆಂದು ತದ್ಭವಗಳ ಪಟ್ಟಿಯಲ್ಲಿ ವಿದ್ಯಾರ್ಥಿಗಳು ಓದಿರುತ್ತಾರೆ. ಕಣ್ಸನ್ನೆ, ಕೈಸನ್ನೆ, ಹುಬ್ಬಿನ ಸನ್ನೆ, ಇವೆಲ್ಲ ಒಬ್ಬರನ್ನೊಬ್ಬರು ಬಲ್ಲವರ ನಡುವಿನ ವ್ಯವಹಾರಗಳು. ಪಂಕ್ತಿಯ ಊಟದಲ್ಲಿ ಮನೆಯ ಯಜಮಾನ ಹುಬ್ಬು ಎತ್ತಿದರೆ ಬಡಿಸುವವನಿಗೆ ಅದರ ಅರ್ಥ ತಿಳಿಯುತ್ತದೆ. ಎದುರು ಕುಳಿತ ಅತಿಥಿಗೆ ತಿಳಿಯುವುದಿಲ್ಲ. ತಿಳಿಯದಿರುವುದೇ ಅದರ ಸೊಗಸು.

ರಸ್ತೆಯ ಸನ್ನೆಯ ಧರ್ಮ ಇದಕ್ಕೆ ತೀರ ವಿರುದ್ಧವಾದುದು. ಹಿಂದೆಂದೂ ಕಾಣದ, ಮುಂದೆಂದೂ ಕಾಣಲಾರದ ಒಬ್ಬ ಮನುಷ್ಯನಿಗೆ, ಅವನ ಭಾಷೆ ಯಾವುದೆಂಬುದನ್ನೂ ಅರಿಯದೆ, ಎರಡು ಮೂರು ಸೆಕೆಂಡುಗಳಲ್ಲಿ ಹೇಳಿ ಮುಗಿಸಬೇಕಾದ ಮಾತು ಅದು. ಪಂಕ್ತಿಯಲ್ಲಿ ಸನ್ನೆ ತಪ್ಪಿದರೆ ಹೋಳಿಗೆಯೊಂದು ಹೆಚ್ಚಾಗಿ ಬಿದ್ದೀತು. ಹೆದ್ದಾರಿಯಲ್ಲಿ ತಪ್ಪಿದರೆ ಜೀವವೊಂದು ಹೋದೀತು.

ಸೊಲ್ಲಾಪುರದಿಂದ ವಿಜಯಪುರದ ಮೇಲೆ ಬಂದು, ಕೃಷ್ಣೆಯನ್ನು ದಾಟಿ, ಹುನಗುಂದ ಇಳಕಲ್‌ಗಳ ಮಗ್ಗುಲಲ್ಲಿ ಸಾಗಿ, ಕುಷ್ಟಗಿ ಹೊಸಪೇಟೆಗಳ ಮೂಲಕ ಚಿತ್ರದುರ್ಗದತ್ತ ಹೋಗುವ ಹೆದ್ದಾರಿಯನ್ನು ಈ ಭಾಗದ ಜನ ಬಹುಕಾಲ 13ನೆಯ ನಂಬರಿನ ರಸ್ತೆಯೆಂದು ಕರೆದರು. 2010ರಲ್ಲಿ ದೇಶದ ಹೆದ್ದಾರಿಗಳನ್ನೆಲ್ಲ ಮರಳಿ ಎಣಿಸಿದ ಮೇಲೆ ವಿಜಯಪುರದಿಂದ ಚಿತ್ರದುರ್ಗದವರೆಗಿನ ಅದರ ಭಾಗ 50ನೆಯದಾಯಿತು. ಅದರ ಪಶ್ಚಿಮಕ್ಕೆ ಹುಬ್ಬಳ್ಳಿ–ವಿಜಯಪುರದ ಇನ್ನೊಂದು ಮಾರ್ಗ, ಬಾದಾಮಿ ತಾಲ್ಲೂಕಿನ ಕುಳಗೇರಿ ಕ್ರಾಸ್, ಬಾಗಲಕೋಟೆಗೆ ನೆರೆಯಾದ ಗದ್ದನಕೇರಿ ಕ್ರಾಸ್ ಇವುಗಳ ಮೇಲೆ ಹಾಯುತ್ತದೆ. ಈ ಎರಡು ದಾರಿಗಳ ನಡುವಿನ ನಾಡಿನಲ್ಲಿ ಓಡಾಡುವಾಗಲೆಲ್ಲ ನನ್ನ ಮನಸ್ಸಿನಲ್ಲಿ ಏಳುವ ಪ್ರಶ್ನೆಯೊಂದುಂಟು: ಇಲ್ಲಿ ನೆಟ್ಟ ಇಷ್ಟೊಂದು ಫಲಕಗಳು, ಬಳಿದ ಇಷ್ಟೊಂದು ಗೆರೆಗಳು, ಮಿಣುಕುವ ಇಷ್ಟೊಂದು ದೀಪಗಳು ಯಾರೊಡನೆ ಮಾತನಾಡುತ್ತಿವೆ? ದಾರಿಯಲ್ಲಿ ಹಾದು ಹೋಗುವವನೊಡನೆ ಮಾತ್ರವೇ? ದಾರಿಯನ್ನು ದಾಟುವವನೊಡನೆಯೂ ಒಂದು ಮಾತು ಇದೆಯೇ?

ಬಲ್ಲವರ ದಾರಿ

ದಾರಿಯ ನಿಯಂತ್ರಣ ಈ ನಾಡಿಗೆ ಹೊಸದಲ್ಲ. ಮಲಪ್ರಭೆಯ ದಂಡೆಯ ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘ ಮಧ್ಯಯುಗದಲ್ಲಿ ದಕ್ಷಿಣ ಭಾರತದ ದಾರಿಗಳನ್ನೆಲ್ಲ ಬಲ್ಲದ್ದಾಗಿತ್ತು. ದಾರಿಯ ಕಾವಲಿಗೆ ಅವರಲ್ಲಿ ಆಯುಧ ಹಿಡಿದವರಿದ್ದರು. ವ್ಯವಹಾರಕ್ಕೆ ‘ಬಣಂಜು ಧರ್ಮ’ವೆಂಬ ಕಟ್ಟಳೆಯಿತ್ತು. ಅರಸರ ಕಡೆಯಿಂದ ಸುಂಕದ ಅಧಿಕಾರಿಗಳಿದ್ದರು. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಯ ಹೆಸರುಗಳನ್ನು ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬನ ಹೆಸರೇ ಸುಂಕದ ಬಂಕಣ್ಣ. ದಾರಿಯ ಬಾಯಲ್ಲಿ ಕುಳಿತು ಹೋಗುವವರನ್ನು ತಡೆದು ಕೇಳುವ ಕಾಯಕವೂ ವಚನಕಾರನೊಬ್ಬನ ಕಾಯಕವಾಗಿತ್ತೆಂಬುದು ಕೂಡಲಸಂಗಮವನ್ನು ಒಡಲಲ್ಲಿಟ್ಟುಕೊಂಡ ಹುನಗುಂದ ಸೀಮೆಯವರು ನೆನೆಯತಕ್ಕ ಮಾತು.

ಆ ಶಾಸನಗಳ ಲೆಕ್ಕದಲ್ಲಿ ಒಂದು ವಿಶೇಷವಿದೆ. ವರ್ತಕರು ದೇವಾಲಯಕ್ಕೆ ಬಿಟ್ಟ ಆಯವನ್ನು ಬರೆಯುವಾಗ ಬಂಡಿಯ ಹೇರಿಗೆ ಇಷ್ಟು, ಎತ್ತಿನ ಹೇರಿಗೆ ಇಷ್ಟು, ಕತ್ತೆಯ ಹೇರಿಗೆ ಇಷ್ಟು ಎಂದು ಬರೆದು ಅಲ್ಲಿಗೆ ನಿಲ್ಲಿಸುವುದಿಲ್ಲ. ತಲೆಯ ಮೇಲಿನ ಹೊರೆಗೂ ಒಂದು ಲೆಕ್ಕ ಹಾಕುತ್ತಾರೆ. ಹೊರೆ ಹೊತ್ತು ನಡೆಯುವವನು ದಾರಿಯ ಬಡ ಪ್ರಯಾಣಿಕ; ಆದರೂ ಲೆಕ್ಕದಲ್ಲಿದ್ದಾನೆ. ಓದುಗರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಮುಂದೆ ಇದರಿಂದ ಪ್ರಯೋಜನವಿದೆ.

ಎತ್ತು ಬಂಡಿಗಳ ಕಾಲದ ನಿಯಂತ್ರಣವನ್ನು ನೋಡಬೇಕೆನ್ನುವವರು ಬಾದಾಮಿಯ ಬಳಿಯ ಬನಶಂಕರಿಯ ಜಾತ್ರೆಗೆ ಹೋಗಬೇಕು. ಬನದ ಹುಣ್ಣಿಮೆಗೆ ಎಳೆಯುವ ತೇರಿನ ಮುಂದೆ ಹಗ್ಗ ಹಿಡಿದವರು ಸಾವಿರ ಮಂದಿ. ಆದರೆ ತೇರನ್ನು ನಿಲ್ಲಿಸುವವರು ಅವರಲ್ಲ; ಗಾಲಿಯ ಮಗ್ಗುಲಲ್ಲಿ ಮರದ ತುಂಡು ಹಿಡಿದು ಬಾಗಿ ನಡೆಯುವ ನಾಲ್ಕಾರು ಮಂದಿ. ಅವರ ಕಣ್ಣು ದೇವರ ಮೇಲಿಲ್ಲ, ಜನರ ಮೇಲಿಲ್ಲ, ಗಾಲಿಯ ಮೇಲಿದೆ. ಒಬ್ಬನು ಕೈ ಎತ್ತಿದರೆ ಇನ್ನೊಬ್ಬನು ತುಂಡು ಕೊಡುತ್ತಾನೆ. ಅಷ್ಟು ದೊಡ್ಡ ತೇರು ನಿಲ್ಲುತ್ತದೆ. ಜಾತ್ರೆಗೆ ಬರುವ ಚಕ್ಕಡಿಗಳಲ್ಲಿಯೂ ಇಂಥದೇ ಒಂದು ಕ್ರಮವುಂಟು. ಎದುರುಬದುರಾದ ಎರಡು ಗಾಡಿಗಳಲ್ಲಿ ಹೇರು ಹೊತ್ತದ್ದಕ್ಕೆ ಬರಿಯ ಗಾಡಿ ದಾರಿ ಬಿಡುವುದು ಹಳ್ಳಿಯ ಮರ್ಯಾದೆ. ಇದಕ್ಕೆ ಫಲಕ ಬೇಕಾಗಲಿಲ್ಲ. ಕಾರಣ, ಎತ್ತಿನ ಗಾಡಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರು ನಡೆಯುವಂಥದು. ಎದುರಿನವನ ಮುಖ ಕಾಣುವಷ್ಟು, ಹೆಸರು ಹಿಡಿದು ಕೂಗುವಷ್ಟು ಕಾಲಾವಕಾಶ ಅಲ್ಲಿತ್ತು. ಸನ್ನೆ ಮನುಷ್ಯನಿಂದ ಮನುಷ್ಯನಿಗೆ ಹೋಗುತ್ತಿತ್ತು, ಉತ್ತರವೂ ಬರುತ್ತಿತ್ತು.

ಬಾಗಲಕೋಟೆಯವರಿಗೆ ಈ ಅಂತರ ಇನ್ನೊಂದು ಬಗೆಯಲ್ಲಿ ಗೊತ್ತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗಗಳು ಮುಳುಗಿ, ಜನ ನವನಗರಕ್ಕೆ ಬಂದರು. ಹಳೆಯ ಊರಿನ ಓಣಿಗಳಲ್ಲಿ ಇಕ್ಕಟ್ಟೇ ಪೋಲೀಸನಾಗಿತ್ತು. ಅಲ್ಲಿ ವೇಗವಾಗಿ ಹೋಗುವುದು ಯಾರಿಗೂ ಸಾಧ್ಯವಿರಲಿಲ್ಲ. ನವನಗರದ ಸೆಕ್ಟರುಗಳ ನಡುವಿನ ಅಗಲವಾದ ನೇರ ರಸ್ತೆಗಳಲ್ಲಿ ಆ ಪೋಲೀಸನಿಲ್ಲ. ಅಗಲವಾದ ದಾರಿ ತಾನಾಗಿಯೇ ‘ಹೊಡೆ, ಇನ್ನೂ ಹೊಡೆ’ ಎಂದು ಹೇಳುತ್ತದೆ. ಫಲಕವೊಂದು ಮೂಲೆಯಲ್ಲಿ ನಿಂತು ‘ಬೇಡ’ ಎಂದರೆ, ದಾರಿಯ ಮಾತು ದೊಡ್ಡದಾಗಿಯೂ ಫಲಕದ ಮಾತು ಸಣ್ಣದಾಗಿಯೂ ಕೇಳಿಸುತ್ತದೆ.

ವೇಗದ ಲೆಕ್ಕ

ನಡುವೆ ವಿಭಜಕವಿರುವ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರ್ ವೇಗದ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಪಡಿಸಿತು. ಗಂಟೆಗೆ 100 ಕಿಲೋಮೀಟರೆಂದರೆ ಸೆಕೆಂಡಿಗೆ ಸುಮಾರು 28 ಮೀಟರು. ಚಾಲಕನು ಏನನ್ನೋ ಕಂಡು, ಅದು ಏನೆಂದು ತಿಳಿದು, ಕಾಲನ್ನು ಬ್ರೇಕಿನ ಮೇಲೆ ಇಡಲು ಎರಡೂವರೆ ಸೆಕೆಂಡು ಬೇಕೆಂದು ನಮ್ಮ ರಸ್ತೆಯ ಎಂಜಿನಿಯರರು ಹಿಡಿಯುತ್ತಾರೆ. ಅಷ್ಟರಲ್ಲಿಯೇ 70 ಮೀಟರು ಕಳೆಯಿತು. ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಇನ್ನೂ 110 ಮೀಟರು. ಒಟ್ಟು 180 ಮೀಟರು. ಗಂಟೆಗೆ 40 ಕಿಲೋಮೀಟರಾದರೆ 45 ಮೀಟರು ಸಾಕು. ವೇಗ ಎರಡೂವರೆ ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟು. ಇಳಕಲ್ಲಿನ ಕೆಂಪು ಗ್ರಾನೈಟಿನ ದಿಮ್ಮಿಗಳನ್ನು ಹೇರಿಕೊಂಡ ಲಾರಿಯಾದರೆ ಭಾರ ಇನ್ನೂ ಹೆಚ್ಚು. ಬ್ರೇಕಿನ ಗಾಳಿ ಕೊಳವೆಗಳಲ್ಲಿ ಹರಿದು ಗಾಲಿಯನ್ನು ಮುಟ್ಟಲು ಬೇಕಾದ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ.

ಇನ್ನು ದಾಟುವವರ ಕಡೆಯ ಲೆಕ್ಕವನ್ನು ನೋಡೋಣ. ಒಂದು ಬದಿಯ ಎರಡು ಪಥಗಳು, ಅಂಚಿನ ಗಟ್ಟಿ ಭಾಗವೂ ಸೇರಿ, ಒಂಬತ್ತು ಮೀಟರಿನಷ್ಟು. ಹೊರೆ ಹೊತ್ತ ವೃದ್ಧೆ ಸೆಕೆಂಡಿಗೆ ಒಂದು ಮೀಟರಿಗೂ ಕಡಿಮೆ ನಡೆಯುತ್ತಾಳೆ. ಹತ್ತು ಸೆಕೆಂಡು ಬೇಕು. ಆ ಹತ್ತು ಸೆಕೆಂಡಿನಲ್ಲಿ ಕಾರು ಸಾಗುವ ದೂರ 280 ಮೀಟರು. ಎಂದರೆ, ಕಾಲು ಕಿಲೋಮೀಟರಿಗಿಂತಲೂ ಸ್ವಲ್ಪ ಹೆಚ್ಚಾದ ದೂರದಲ್ಲಿರುವ ವಾಹನದ ವೇಗವನ್ನು ಅಳೆದು, ದಾಟಬಹುದೇ ಬಾರದೇ ಎಂಬುದನ್ನು ಆಕೆ ನಿರ್ಣಯಿಸಬೇಕು. ಹುನಗುಂದದ ಸಮೀಪ ಮೇವಿನ ಹೊರೆ ಹೊತ್ತು ದಾರಿಯ ಅಂಚಿನಲ್ಲಿ ನಿಂತಿದ್ದ ಇಂಥ ಒಬ್ಬ ಮುದುಕಿಯನ್ನು ‘ಹೆಂಗ ದಾಟ್ತೀಯವ್ವಾ?’ ಎಂದು ಕೇಳಿದೆ. ‘ಹಗಲಿ ಆದ್ರ ಗಾಡಿ ಕಾಣ್ತೈತಿ ಯಪ್ಪಾ. ಕತ್ತಲದಾಗ ಬರೇ ಬೆಳಕ ಕಾಣ್ತೈತಿ. ಬೆಳಕು ಎಷ್ಟ ದೂರ ಐತಿ ಅಂತ ಹೆಂಗ ತಿಳೀಬೇಕ?’ ಎಂದಳು. ದೃಷ್ಟಿಶಾಸ್ತ್ರದ ಒಂದು ಅಧ್ಯಾಯವನ್ನೇ ಆಕೆ ಮೂರು ಮಾತಿನಲ್ಲಿ ಹೇಳಿದ್ದಳು. ಕತ್ತಲೆಯಲ್ಲಿ ಎರಡು ದೀಪಗಳ ಹೊರತು ಹೋಲಿಸಿ ನೋಡಲು ಬೇರೇನೂ ಇಲ್ಲದಾಗ ಕಣ್ಣು ದೂರವನ್ನೂ ವೇಗವನ್ನೂ ಅಳೆಯಲಾರದು.

ಅಪಾಯವೆಲ್ಲ ಮಡುಗಟ್ಟುವುದು ‘ಕ್ರಾಸು’ಗಳಲ್ಲಿ. ನಮ್ಮಲ್ಲಿ ‘ಕ್ರಾಸ್’ ಎಂಬುದು ಊರುಗಳ ಹೆಸರಿನ ಪ್ರತ್ಯಯವಾಗಿಬಿಟ್ಟಿದೆ: ಕುಳಗೇರಿ ಕ್ರಾಸ್, ಗದ್ದನಕೇರಿ ಕ್ರಾಸ್, ಕೂಡಲಸಂಗಮ ಕ್ರಾಸ್. ಊರು ಒಳಗೆಲ್ಲೋ ಇರುತ್ತದೆ. ಅದರ ಬಾಯಿ ಇಲ್ಲಿದೆ. ಬಸ್ಸಿಗೆ ಕಾಯುವವರು, ಚಹದ ಅಂಗಡಿ, ಪಂಕ್ಚರ್ ತಿದ್ದುವವನು, ಶಾಲೆಯ ಮಕ್ಕಳು ಎಲ್ಲ ಅಲ್ಲಿಯೇ. ನಾಲ್ಕು ದಾರಿಗಳು ಸಮತಲದಲ್ಲಿ ಕೂಡುವ ಕಡೆ ವಾಹನಗಳ ಪಥಗಳು ಒಂದನ್ನೊಂದು ಸಂಧಿಸುವ ಬಿಂದುಗಳು 32 ಎಂದು ಎಂಜಿನಿಯರರು ಗೆರೆ ಎಳೆದು ತೋರಿಸುತ್ತಾರೆ. ಮೂರು ದಾರಿ ಕೂಡಿದರೆ 9. ನಡೆಯುವವರ ಪಥಗಳು ಈ ಲೆಕ್ಕದ ಹೊರಗೆ.

ಹಾಗಾದರೆ ಪ್ರತಿಯೊಂದು ಕ್ರಾಸಿನಲ್ಲಿಯೂ ಕೆಂಪು ದೀಪ ಏಕೆ ಇಡಬಾರದು? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳುವುದುಂಟು, ಉತ್ತರ ಸುಲಭವಲ್ಲ. ಹಳದಿ ದೀಪ ಮೂರು ಸೆಕೆಂಡು ಉರಿಯುತ್ತದೆಂದು ಇಟ್ಟುಕೊಳ್ಳಿ. 100 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಗಾಡಿ 83 ಮೀಟರು ಹೋಗುತ್ತದೆ. ದೀಪ ಹಳದಿಯಾದಾಗ ಗಾಡಿ 120 ಮೀಟರು ದೂರದಲ್ಲಿದ್ದರೆ ಚಾಲಕನ ಗತಿಯೇನು? ನಿಲ್ಲಲು 180 ಬೇಕು, ಅದು ಇಲ್ಲ. ದಾಟಲು 83ರ ಒಳಗಿರಬೇಕು, ಅದೂ ಇಲ್ಲ. ನಿಲ್ಲಲೂ ಆಗದ, ದಾಟಲೂ ಆಗದ ಈ ತುಂಡು ನೆಲವನ್ನು ‘ಸಂದಿಗ್ಧದ ನೆಲ’ ಎನ್ನಬಹುದು. ಊರೊಳಗಿನ ನಿಧಾನದ ಬೀದಿಯಲ್ಲಿ ಅದು ಕೆಲವು ಮಾರಿನಷ್ಟು. ಹೆದ್ದಾರಿಯಲ್ಲಿ ನೂರು ಮೀಟರಿನಷ್ಟು. ವೇಗವನ್ನು ಮೊದಲು ತಗ್ಗಿಸದೆ, ಹಳದಿಯ ಹೊತ್ತನ್ನು ಹಿಗ್ಗಿಸದೆ ದೀಪ ನೆಟ್ಟರೆ, ಒಂದು ಬಗೆಯ ಅಪಘಾತ ಹೋಗಿ ಹಿಂದಿನಿಂದ ಬಂದು ಗುದ್ದುವ ಇನ್ನೊಂದು ಬಗೆ ಹುಟ್ಟುತ್ತದೆ.

ಈ ವಿಷಯದಲ್ಲಿ ರೈಲಿನವರು ಬುದ್ಧಿವಂತರು. 1880ರ ದಶಕದಲ್ಲಿ ಬಾದಾಮಿ, ಬಾಗಲಕೋಟೆಗಳ ಮೇಲೆ ಬಂದ ಗದಗ–ಹೊಟಗಿ ಮಾರ್ಗ ಈ ಸೀಮೆಗೆ ಕೆಂಪು ಹಸುರುಗಳ ಭಾಷೆಯನ್ನು ಕಲಿಸಿತು. ಒಂಟಿ ಹಳಿಯ ಮಾರ್ಗದಲ್ಲಿ ಎರಡು ನಿಲ್ದಾಣಗಳ ನಡುವೆ ಒಂದೇ ಗಾಡಿ ಇರಬೇಕು. ಅದಕ್ಕೆ ಗುರುತಾಗಿ ಹಿಂದೆ ಚಾಲಕನ ಕೈಗೆ ಟೋಕನ್ ಬರಬೇಕಾಗಿತ್ತು. ಬರದೆ ಗಾಡಿ ಅಲುಗುವಂತಿರಲಿಲ್ಲ. ಅಲ್ಲಿ ಗಾಡಿಗಳ ನಡುವಿನ ದೂರವನ್ನು ವ್ಯವಸ್ಥೆ ಕಾಯುತ್ತದೆ. ರಸ್ತೆಯಲ್ಲಿ ಆ ದೂರವನ್ನು ಕಾಯುವವನು ಚಾಲಕನ ವಿವೇಕವೊಂದೇ. ದೀಪದ ಬಣ್ಣಗಳನ್ನು ರೈಲಿನಿಂದ ಎರವಲು ತಂದೆವು. ಟೋಕನ್ನನ್ನು ತರಲು ಬರುವಂತಿರಲಿಲ್ಲ.

ಫಲಕಗಳ ವ್ಯಾಕರಣ

ದೀಪಕ್ಕೆ ಎಡೆಯಿಲ್ಲದ ಕಡೆ ಕೆಲಸ ಮಾಡಬೇಕಾದವು ಫಲಕಗಳು. ಇವುಗಳಿಗೊಂದು ಚೊಕ್ಕ ವ್ಯಾಕರಣವಿದೆ. ಕನ್ನಡ ಪಂಡಿತರು ಕ್ರಿಯಾಪದದ ರೂಪಗಳಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂದು ಕಲಿಸುತ್ತಾರಷ್ಟೆ? ನೀಲಿಯ ದುಂಡು ಫಲಕ ವಿಧ್ಯರ್ಥಕ: ‘ಎಡಕ್ಕೆ ಹೋಗಲಿ’. ಕೆಂಪು ಅಂಚಿನ ದುಂಡು ಫಲಕ ನಿಷೇಧಾರ್ಥಕ: ‘ಹಿಂದಿಕ್ಕನು, ನಿಲ್ಲಿಸನು’. ಕೆಂಪು ಅಂಚಿನ ಮುಕ್ಕೋನ ಶುದ್ಧ ಸಂಭಾವನಾರ್ಥಕ: ‘ತಿರುವು ಬಂದೀತು, ದನ ಅಡ್ಡ ಬಂದಾವು, ಮಕ್ಕಳು ಓಡಿಯಾರು’. ಚೌಕದ ಫಲಕಗಳು ಬರಿಯ ಸುದ್ದಿ ಹೇಳುತ್ತವೆ. ಭಾರತೀಯ ರಸ್ತೆ ಕಾಂಗ್ರೆಸ್ಸು ಕ್ರೋಡೀಕರಿಸಿದ ಈ ಭಾಷೆಯನ್ನು ರಾಜಸ್ಥಾನದ ಲಾರಿಯವನೂ ತಮಿಳುನಾಡಿನ ಲಾರಿಯವನೂ ಹುನಗುಂದದಲ್ಲಿ ಒಂದೇ ರೀತಿ ಓದುತ್ತಾನೆ. ಅಕ್ಷರವಿಲ್ಲದೆ ಕೆಲಸ ಮಾಡುವುದೇ ಅದರ ಗುಣ.

ಊರಿನ ಹೆಸರಿಗೆ ಮಾತ್ರ ಅಕ್ಷರ ಬೇಕೇ ಬೇಕು. ರೋಮನ್ ಲಿಪಿಗೆ ಮಾಡಿದ ಹಳೆಯ ಅಳತೆಯೊಂದರಂತೆ ಒಂದು ಅಂಗುಲ ಎತ್ತರದ ಅಕ್ಷರ 50 ಅಡಿಯಿಂದ ಓದಲು ಬರುತ್ತದೆ. ಎಂಟು ಅಂಗುಲದ ಅಕ್ಷರವೆಂದರೆ 400 ಅಡಿ, ಎಂದರೆ 120 ಮೀಟರು. ಹೆದ್ದಾರಿಯ ವೇಗದಲ್ಲಿ ನಾಲ್ಕು ಸೆಕೆಂಡು. ಕನ್ನಡಕ್ಕೆ ಈ ಅಳತೆ ಸಾಲದು. ನಮ್ಮ ಲಿಪಿಯಲ್ಲಿ ‘ಪ’ಕ್ಕೂ ‘ಷ’ಕ್ಕೂ ಇರುವ ಭೇದ ಹೊಟ್ಟೆಯೊಳಗಿನ ಒಂದು ಗೀಟು, ‘ಕುಷ್ಟಗಿ’ಯ ಒತ್ತು ಸಾಲಿನ ಕೆಳಗೆ ಚಿಕ್ಕದಾಗಿ ಕುಳಿತಿರುತ್ತದೆ. ಎರಡು ಮೂರು ಲಿಪಿಗಳನ್ನು ಒಂದೇ ಫಲಕದಲ್ಲಿ ಹಿಡಿಸಲೆಂದು ಕನ್ನಡವನ್ನು ಕುಗ್ಗಿಸಿದಾಗ ಒತ್ತು ಮೊದಲು ಮಾಯವಾಗುತ್ತದೆ. ಫಲಕದಲ್ಲಿ ಕನ್ನಡವಿರಬೇಕೆಂಬುದಕ್ಕೆ ನಾವು ಹೋರಾಡಿದ್ದೇವೆ; ಅದು ಓಡುವ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿರಬೇಕೆಂಬುದಕ್ಕೂ ಅಷ್ಟೇ ಹಟ ಬೇಕು.

ಇಂಗ್ಲೆಂಡಿನಲ್ಲಿ ಮೊದಲ ಮೋಟಾರು ಹೆದ್ದಾರಿ 1958ರಲ್ಲಿ ಪ್ರೆಸ್ಟನ್ನಿನ ಬಳಿ ತೆರೆದಾಗ ಇದೇ ಚಿಂತೆ ಅವರಿಗೂ ಬಂದಿತ್ತು. ಜಾಕ್ ಕಿನ್ನೀರ್, ಮಾರ್ಗರೆಟ್ ಕ್ಯಾಲ್ವರ್ಟ್ ಎಂಬ ಇಬ್ಬರು ಕಲಾವಿದರು ಓಡುವ ಕಣ್ಣಿಗೆಂದೇ ಅಕ್ಷರಗಳನ್ನು ಹೊಸದಾಗಿ ಬರೆದರು. 1965ರಲ್ಲಿ ಜಾರಿಗೆ ಬಂದ ಅವರ ಫಲಕಗಳಲ್ಲಿ ಶಾಲೆಯ ಮಕ್ಕಳದೊಂದಿದೆ: ಹುಡುಗಿಯೊಬ್ಬಳು ತನಗಿಂತ ಚಿಕ್ಕ ಹುಡುಗನ ಕೈಹಿಡಿದು ದಾಟಿಸುತ್ತಿದ್ದಾಳೆ. ಆ ಹುಡುಗಿ ಬಾಲ್ಯದ ತಾನೇ ಎಂದು ಕ್ಯಾಲ್ವರ್ಟ್ ಹೇಳಿದ್ದುಂಟು. ಕನ್ನಡ ಅಕ್ಷರಗಳಿಗೆ ಇಂಥ ತಪಸ್ಸು ಮಾಡುವ ಕಲಾವಿದರು ನಮ್ಮ ಕಾಲೇಜುಗಳಿಂದ ಬರಬೇಕಾಗಿದೆ.

ರಾತ್ರಿ ಈ ಫಲಕಗಳು ಥಳಥಳಿಸುತ್ತವೆ. ಅದು ಅವುಗಳ ಸ್ವಂತ ಬೆಳಕಲ್ಲ. ಫಲಕಕ್ಕೆ ಅಂಟಿಸಿದ ಹಾಳೆಯಲ್ಲಿ ಅತಿ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಇರುತ್ತವೆ. ಕನ್ನಡಿಯಾದರೆ ಬೆಳಕನ್ನು ಬೇರೆ ಕಡೆಗೆ ಎಸೆಯುತ್ತದೆ. ಇವು ಬೆಳಕು ಬಂದ ದಾರಿಯಲ್ಲಿಯೇ ಅದನ್ನು ಹಿಂದಿರುಗಿಸುತ್ತವೆ. ಯಾರ್ಕ್‌ಷೈರಿನ ಪರ್ಸಿ ಷಾ ಎಂಬಾತ 1934ರಲ್ಲಿ ಇದೇ ತತ್ವದಿಂದ ರಸ್ತೆಯಲ್ಲಿ ಹುಗಿಯುವ ‘ಬೆಕ್ಕಿನ ಕಣ್ಣು’ಗಳನ್ನು ಮಾಡಿದ. ಜಾಣತನದ ಉಪಾಯ. ಆದರೆ ಇದರ ಇನ್ನೊಂದು ಮಗ್ಗುಲನ್ನು ನೋಡಿ: ದೀಪ ಹಿಡಿದು ಬಂದವನಿಗೆ ಮಾತ್ರ ಫಲಕ ಬೆಳಕು ಕೊಡುತ್ತದೆ. ದೀಪವಿಲ್ಲದೆ ಅಂಚಿನಲ್ಲಿ ನಿಂತವಳಿಗೆ ಅದು ಕತ್ತಲೆಯ ಹಲಗೆ. ಅದೇ ಹೊತ್ತಿಗೆ, ಮಾಸಿದ ಇಳಕಲ್ ಸೀರೆ ಉಟ್ಟು ನಿಂತ ಆಕೆಯ ಮೈಯಿಂದ ಚಾಲಕನ ಕಣ್ಣಿಗೆ ಬೆಳಕು ಹಿಂದಿರುಗುವುದಿಲ್ಲ. ಫಲಕ ಬೆಳಗುತ್ತದೆ, ಮನುಷ್ಯ ಬೆಳಗುವುದಿಲ್ಲ. ಹೆದ್ದಾರಿಯ ಸನ್ನೆ ಒಮ್ಮುಖವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಲೆಕ್ಕದ ಹೊರಗಿನವರು

ಮೂಲದಲ್ಲಿ ಇದು ಹೀಗಿರಲಿಲ್ಲ. ಜಗತ್ತಿನ ಮೊದಲ ಸಂಚಾರ ದೀಪವೆಂದು ಹೇಳುವುದನ್ನು 1868ರ ಡಿಸೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಬಳಿ ನಿಲ್ಲಿಸಿದರು. ಮಾಡಿದವನು ಜಾನ್ ಪೀಕ್ ನೈಟ್ ಎಂಬ ರೈಲ್ವೆ ಎಂಜಿನಿಯರ್. ಹಗಲು ರೈಲಿನ ಕೈಮರದಂಥ ತೋಳುಗಳು, ರಾತ್ರಿ ಕೆಂಪು ಹಸುರಿನ ಅನಿಲದ ದೀಪ. ಅದರ ಉದ್ದೇಶ, ಕುದುರೆಗಾಡಿಗಳ ನೂಕುನುಗ್ಗಲಲ್ಲಿ ನಡೆದು ಬರುವವರು ಸುರಕ್ಷಿತವಾಗಿ ದಾಟಲೆಂಬುದು. ಮುಂದಿನ ತಿಂಗಳಲ್ಲಿಯೇ ಅನಿಲ ಸೋರಿ ಸಿಡಿದು, ದೀಪ ತಿರುಗಿಸುತ್ತಿದ್ದ ಪೋಲೀಸನಿಗೆ ಗಾಯವಾಯಿತು, ಪ್ರಯೋಗ ನಿಂತಿತು. ವಿದ್ಯುದ್ದೀಪ ಬಂದದ್ದು 1914ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ, ಮೋಟಾರಿನ ಯುಗದಲ್ಲಿ. ಕಾಲ್ನಡಿಗೆಯವನಿಗಾಗಿ ಹುಟ್ಟಿದ ಸನ್ನೆ ಹೀಗೆ ಮೋಟಾರಿನ ಕೈ ಸೇರಿತು.

1958ರಲ್ಲಿ ವೆಬ್‌ಸ್ಟರ್ ಎಂಬ ಬ್ರಿಟಿಷ್ ವಿಜ್ಞಾನಿ ದೀಪಗಳ ಆವರ್ತವನ್ನು ಎಷ್ಟು ಸೆಕೆಂಡಿಗೆ ಇಡಬೇಕೆಂಬುದಕ್ಕೆ ಸೂತ್ರ ಕೊಟ್ಟ. ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದನ್ನು ಕಲಿಯುತ್ತಾರೆ. ಆ ಸೂತ್ರ ಕಡಿಮೆ ಮಾಡಹೊರಟದ್ದು ವಾಹನಗಳ ಕಾಯುವಿಕೆಯನ್ನು. ನಮ್ಮ ರಸ್ತೆ ಕಾಂಗ್ರೆಸ್ಸು ಗ್ರಾಮಾಂತರದ ರಸ್ತೆಗಳ ಸಾಮರ್ಥ್ಯವನ್ನು ಅಳೆಯಲು 1990ರಲ್ಲಿ ಕೊಟ್ಟ ಕೋಷ್ಟಕ ಇನ್ನೂ ಕುತೂಹಲಕರ. ಕಾರಿಗೆ 1 ಅಂಕವಾದರೆ, ಸೈಕಲ್ಲಿಗೆ ಅರ್ಧ, ಲಾರಿಗೆ 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ ನಾಲ್ಕೂವರೆ. ಎಲ್ಲಕ್ಕಿಂತ ಹೆಚ್ಚು ಎತ್ತಿನ ಚಕ್ಕಡಿಗೆ: 8. ಉಳಿದವರ ದಾರಿಗೆ ಅದು ಒಡ್ಡುವ ತೊಡಕು ಎಂಟು ಕಾರುಗಳಷ್ಟು ಎಂದರ್ಥ. ಕೈಗಾಡಿಗೂ ಅಂಕವುಂಟು. ಬರಿಗಾಲಲ್ಲಿ ದಾಟುವವನಿಗೆ ಆ ಕೋಷ್ಟಕದಲ್ಲಿ ಸಾಲೇ ಇಲ್ಲ. ಶಾಸನದ ಕಾಲದ ಸುಂಕದವನು ತಲೆಯ ಹೊರೆಯನ್ನು ಎಣಿಸಿದ, ನಾವು ಎಣಿಸಲಿಲ್ಲ. ಎಣಿಸದವರಿಗೆ ಸನ್ನೆ ಮಾಡುವುದು ಹೇಗೆ?

ಸಾವಿನ ಲೆಕ್ಕದಲ್ಲಿ ಮಾತ್ರ ಅವರ ಹೆಸರು ಸೇರುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಚ್ಚುಕಡಿಮೆ ಐವರಿಗೊಬ್ಬರು ಪಾದಚಾರಿಗಳು. ರಾಷ್ಟ್ರೀಯ ಹೆದ್ದಾರಿಗಳು ದೇಶದ ರಸ್ತೆಗಳ ಉದ್ದದಲ್ಲಿ ಶೇಕಡಾ 2ರಷ್ಟು. ಸಾವುಗಳಲ್ಲಿ ಅವುಗಳ ಪಾಲು ಶೇಕಡಾ 36.

ಕಬ್ಬು ನುರಿಸುವ ಕಾಲದಲ್ಲಿ ಬಾಗಲಕೋಟೆ ಜಿಲ್ಲೆಯ ರಾತ್ರಿಯ ದಾರಿಗಳನ್ನು ಬಲ್ಲವರಿಗೆ ಇನ್ನೊಂದು ದೃಶ್ಯ ಪರಿಚಿತ. ಒಂದರ ಹಿಂದೊಂದು ಎರಡು ಟ್ರೇಲರುಗಳು, ಬದಿಗಳಿಂದ ಹೊರಚಾಚಿದ ಕಬ್ಬು, ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಕಾರ್ಖಾನೆಯ ಮುಂದೆ ಸರದಿ ಹಿಡಿಯಲೆಂದು ದಾರಿಯ ಅಂಚಿನಲ್ಲಿ ನಿಂತ ಇಂಥ ಗಾಡಿ, ಹಿಂದಿನಿಂದ ಬರುವವನ ಪಾಲಿಗೆ ಕತ್ತಲೆಯದೇ ಒಂದು ತುಂಡು. ಅಂಗೈಯಗಲದ ಪ್ರತಿಫಲಕ ಪಟ್ಟಿಯೊಂದು ಅದನ್ನು 200 ಮೀಟರಿನಿಂದ ಕಾಣಿಸಬಲ್ಲುದು. ಪ್ರತಿಫಲಕಗಳಿರಬೇಕೆಂದು ಮೋಟಾರು ವಾಹನ ನಿಯಮವೂ ಇದೆ. ಹೆದ್ದಾರಿಗೆ ಕೋಟಿಗಟ್ಟಲೆ ಸುರಿದ ದೇಶದಲ್ಲಿ ಕೊರತೆ ಬಿದ್ದದ್ದು ಅಂಗೈಯಗಲದ ಈ ಪಟ್ಟಿಗೆ.

ಇಮ್ಮುಖದ ಸನ್ನೆ

ದೊಡ್ಡ ಹೆದ್ದಾರಿಗಳ ನಿಯಂತ್ರಣದಲ್ಲಿ ಈಗ ನಡೆದಿರುವ ಪ್ರಯೋಗಗಳು ಕಡಿಮೆಯಲ್ಲ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸಾವುಗಳು ಹೆಚ್ಚಿದಾಗ, ಅದೇ ಆಗಸ್ಟಿನಿಂದ ದ್ವಿಚಕ್ರ, ತ್ರಿಚಕ್ರ, ಟ್ರ್ಯಾಕ್ಟರುಗಳನ್ನು ಪ್ರಧಾನ ಪಥದಿಂದ ಹೊರಗಿಟ್ಟರು. ವೇಗವನ್ನು ಅಳೆದು ಗಾಡಿಯ ನಂಬರನ್ನು ತಾನೇ ಓದಿಕೊಳ್ಳುವ ಕ್ಯಾಮೆರಾಗಳು ಬಂದವು. ಸಾವುಗಳು ತಗ್ಗಿದವು. ಕಾಣುವ ಕಣ್ಣೊಂದಿದೆ ಎಂದು ತಿಳಿದರೆ ಚಾಲಕನ ಕಾಲು ಹಗುರಾಗುತ್ತದೆಂಬುದರಲ್ಲಿ ಸಂದೇಹವಿಲ್ಲ. ಸುಂಕದ ಕಟ್ಟೆಯಲ್ಲಿಯೂ 2021ರ ಫೆಬ್ರವರಿಯಿಂದ ಗಾಜಿಗೆ ಅಂಟಿಸಿದ ಚೀಟಿಯೇ ಹಣ ಕೊಡುತ್ತದೆ. ವಾಹನವನ್ನು ಗುರುತಿಸುವುದನ್ನು ಹೆದ್ದಾರಿ ಚೆನ್ನಾಗಿ ಕಲಿತಿದೆ. ಮನುಷ್ಯನನ್ನು ಗುರುತಿಸುವುದು ಇನ್ನು ಕಲಿಯಬೇಕಾದ ಪಾಠ.

ಅದಕ್ಕೆ ಬೇಕಾದವು ಪವಾಡಗಳಲ್ಲ. ಕ್ರಾಸಿಗೆ ಮುನ್ನ ದಾರಿಯನ್ನೇ ಕೊಂಚ ಕಿರಿದುಮಾಡಿ, ದಾಟುವ ಸ್ಥಳವನ್ನು ಉಬ್ಬಿಸಿದರೆ ವೇಗ ತಾನೇ ಇಳಿಯುತ್ತದೆ. ವೇಗ ಇಳಿದ ಮೇಲೆ ದೀಪ ಹಾಕಿದರೂ ಅದಕ್ಕೆ ಅರ್ಥವಿರುತ್ತದೆ. ವಿಭಜಕದ ನಡುವೆ ನಾಲ್ಕು ಜನ ನಿಲ್ಲುವಷ್ಟು ಸುರಕ್ಷಿತವಾದ ಎಡೆ ಬಿಟ್ಟರೆ ಮುದುಕಿ ದಾರಿಯನ್ನು ಎರಡು ಕಂತಿನಲ್ಲಿ ದಾಟಬಹುದು. ಒಂದು ಸಲಕ್ಕೆ ಒಂದು ಕಡೆಯನ್ನು ಮಾತ್ರ ನೋಡಿದರೆ ಸಾಕು. ಕ್ರಾಸುಗಳಿಗೆ ಎತ್ತರದ ಕಂಬದ ದೀಪ ಬೇಕು. ಫಲಕವನ್ನಲ್ಲ, ಮುಖವನ್ನು ಬೆಳಗುವ ದೀಪ. ಹೊರೆ ಹೊತ್ತವರು ಹತ್ತಲಾರದ ಮೆಟ್ಟಿಲಿನ ಸೇತುವೆಗಿಂತ, ಹಳ್ಳಿಯ ಹಾದಿ ಇದ್ದ ಮಟ್ಟದಲ್ಲಿಯೇ ನುಸುಳಿ ಹೋಗುವ ಕೆಳದಾರಿ ಮೇಲು. ಕಬ್ಬಿನ ಟ್ರೇಲರಿಗೆ ಪಟ್ಟಿ ಅಂಟಿಸದೆ ಕಾರ್ಖಾನೆಯ ತಕ್ಕಡಿಗೆ ಬಿಡಬಾರದು. ಇವುಗಳಲ್ಲಿ ಯಾವುದಕ್ಕೂ ಹೊಸ ವಿಜ್ಞಾನ ಬೇಕಿಲ್ಲ.

ಇವೆಲ್ಲಕ್ಕೂ ಮೊದಲು ಆಗಬೇಕಾದದ್ದು ಎಣಿಕೆ. ಈ ಕ್ರಾಸಿನಲ್ಲಿ ದಿನಕ್ಕೆ ಎಷ್ಟು ಲಾರಿ ಹಾಯುತ್ತವೆಂದು ಬರೆದುಕೊಳ್ಳುವ ನೌಕರನು ಅದೇ ಕಾಗದದಲ್ಲಿ, ಎಷ್ಟು ಮಂದಿ ಯಾವ ಹೊತ್ತಿನಲ್ಲಿ ದಾಟುತ್ತಾರೆ, ಅವರಲ್ಲಿ ಮಕ್ಕಳೆಷ್ಟು, ಮುದುಕರೆಷ್ಟು ಎಂಬುದನ್ನೂ ಬರೆದುಕೊಳ್ಳಲಿ. ಕೆಲಸ ಕಷ್ಟದ್ದಲ್ಲ, ಹೆದ್ದಾರಿಯ ಬದಿಯ ಹೈಸ್ಕೂಲಿನ ಹುಡುಗರು ಒಂದು ವಾರದಲ್ಲಿ ಮಾಡಿಕೊಡಬಲ್ಲರು. ಗಣಿತದ ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯ ಪಾಠ ದೊರೆಯದು. ಮಕ್ಕಳು ಬರೆದ ಆ ಕಾಗದ ಜಿಲ್ಲೆಯ ರಸ್ತೆ ಸುರಕ್ಷತೆಯ ಸಭೆಯ ಮೇಜಿನ ಮೇಲೆ ಬಿದ್ದರೆ, ತಲೆಹೊರೆಯ ಸಾಲು ಒಂಬತ್ತು ನೂರು ವರ್ಷಗಳ ಮೇಲೆ ಮತ್ತೆ ದಾರಿಯ ಲೆಕ್ಕದಲ್ಲಿ ಸೇರಿದಂತಾಗುತ್ತದೆ. ಸನ್ನೆ ಅಲ್ಲಿಂದ ಹುಟ್ಟಬೇಕು.